ಮಾಡಿದವರಿಗೇ ಮರಳಿದ ಗಿಟಾರ್

ಅಮೆರಿಕದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1994ರ ಮೇ ತಿಂಗಳಲ್ಲಿ ಸಹಿ ಹಾಕಿದ ಉಯಿಲಿನಲ್ಲಿ ಒಂದು ಸಣ್ಣ ಅಂಶವಿತ್ತು. ಡಗ್ಲಸ್ ಇರ್ವಿನ್ ಮಾಡಿಕೊಟ್ಟ ತಮ್ಮ ಗಿಟಾರ್‌ಗಳೆಲ್ಲ ಡಗ್ಲಸ್ ಇರ್ವಿನ್ ಅವರಿಗೇ ಸೇರಬೇಕು ಎಂಬುದು ಅದರ ಸಾರ. ಆ ಗಿಟಾರ್‌ಗಳೇನೂ ಎರವಲು ತಂದವಾಗಿರಲಿಲ್ಲ. ಒಪ್ಪಿದ ಬೆಲೆ ಕೊಟ್ಟು ಮಾಡಿಸಿಕೊಂಡವು. ವರ್ಷಗಟ್ಟಲೆ ಅವುಗಳನ್ನು ಹೆಗಲಿಗೇರಿಸಿಕೊಂಡು ಗಾರ್ಸಿಯಾ ಊರೂರು ಸುತ್ತಿದ್ದರು. ಅವರ ಬೆರಳು ತಾಗಿದ್ದರಿಂದಲೇ ಅವುಗಳಿಗೆ ಊಹೆಗೆ ಮೀರಿದ ಬೆಲೆ ಬಂದಿತ್ತು. ಹೀಗಿರುವಾಗ ಹೆಂಡತಿ ಮಕ್ಕಳನ್ನೂ ಮೂವತ್ತು ವರ್ಷ ಜೊತೆಗೂಡಿ ನುಡಿಸಿದ ತಂಡವನ್ನೂ ಬಿಟ್ಟು, ಮರ ಕೊರೆದ ಮನುಷ್ಯನಿಗೆ ಅವನ್ನು ಹಿಂದಿರುಗಿಸಬೇಕೆಂದು ಅವರಿಗೆ ಏಕೆ ಅನ್ನಿಸಿತು? ಉಯಿಲು ಕಾರಣ ಹೇಳುವ ಕಾಗದವಲ್ಲ. ಆದರೆ ಆ ಗಿಟಾರ್‌ಗಳಲ್ಲಿ ಒಂದರ ಕಥೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಉತ್ತರ ಅಲ್ಲಿಯೇ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಆ ಗಿಟಾರಿನ ಹೆಸರು ಟೈಗರ್.

ಗಾರ್ಸಿಯಾ ಹೆಸರನ್ನು ಮೊದಲ ಸಲ ಕೇಳುತ್ತಿರುವವರಿಗೆ ಒಂದೆರಡು ಮಾತು. ಅವರು ಹುಟ್ಟಿದ್ದು 1942ರ ಆಗಸ್ಟ್ 1ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ನಾಲ್ಕು ವರ್ಷದ ಹುಡುಗನಾಗಿದ್ದಾಗ ಸೌದೆ ಸೀಳುತ್ತಿದ್ದ ಅಣ್ಣನ ಕೊಡಲಿ ತಾಗಿ ಬಲಗೈಯ ನಡುಬೆರಳಿನ ಬಹುಭಾಗ ಹೋಯಿತು. ಐದು ವರ್ಷ ತುಂಬಿದ ಹೊತ್ತಿನಲ್ಲಿ ತಂದೆ ನೀರಿನಲ್ಲಿ ಮುಳುಗಿ ತೀರಿಕೊಂಡರು. ಹದಿನೈದನೆಯ ಹುಟ್ಟುಹಬ್ಬಕ್ಕೆ ತಾಯಿ ಅಕಾರ್ಡಿಯನ್ ತಂದುಕೊಟ್ಟರೆ ಹುಡುಗ ಹಟ ಹಿಡಿದು ಅದನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ಬದಲಾಯಿಸಿಕೊಂಡ. ಮುಂದೆ ಕೆಲವು ವರ್ಷ ಬ್ಯಾಂಜೊ ಹಿಡಿದು ಬ್ಲೂಗ್ರಾಸ್ ಎಂಬ ಅಮೆರಿಕದ ಗ್ರಾಮೀಣ ಸಂಗೀತದಲ್ಲಿ ಮುಳುಗಿದ್ದರು. ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಮಸುಕಾಗದಂತೆ ನುಡಿಸುವ ಅಭ್ಯಾಸ ಅವರಿಗೆ ಬಂದದ್ದು ಅಲ್ಲಿಂದ. 1965ರಲ್ಲಿ ಗೆಳೆಯರೊಡನೆ ಕಟ್ಟಿದ ತಂಡವೇ ಗ್ರೇಟ್‌ಫುಲ್ ಡೆಡ್. ಮೂವತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ಕೊಟ್ಟ ತಂಡ ಅದು. ಒಂದು ಕಛೇರಿ ಇನ್ನೊಂದರಂತೆ ಇರಬಾರದು ಎಂಬುದು ಅವರಿಗೆ ಸಹಜವಾಗಿ ಬಂದ ನಿಯಮ. ಹಾಡಿನ ನಡುವೆ ದಾರಿ ಬಿಟ್ಟು ಇಪ್ಪತ್ತು ನಿಮಿಷ ಎಲ್ಲಿಗೋ ಹೋಗಿ ಮತ್ತೆ ಪಲ್ಲವಿಗೆ ಬಂದು ಸೇರುವುದನ್ನು ಕೇಳಿದಾಗ ನಮ್ಮಲ್ಲಿ ಮನೋಧರ್ಮ ಎಂದು ಕರೆಯುವ ಗುಣವೇ ಇಲ್ಲಿಯೂ ಕೆಲಸ ಮಾಡುತ್ತಿದೆ ಎಂದು ನನಗೆ ಅನ್ನಿಸಿತ್ತು. ಆ ಅನಿಸಿಕೆ ತೀರ ಆಧಾರವಿಲ್ಲದ್ದಲ್ಲ. ಅವರಿದ್ದ ಮರಿನ್ ಕೌಂಟಿಯಲ್ಲೇ, ಸ್ಯಾನ್ ರಫೇಲ್ ಊರಿನಲ್ಲಿ, ಅಲಿ ಅಕ್ಬರ್ ಖಾನ್ ಅವರ ಸಂಗೀತ ವಿದ್ಯಾಲಯವಿತ್ತು. ತಂಡದ ಡ್ರಮ್ ವಾದಕ ಮಿಕಿ ಹಾರ್ಟ್ ಜಾಕಿರ್ ಹುಸೇನ್ ಅವರ ಜೊತೆ ಸೇರಿ 1976ರಲ್ಲಿ ಹೊರತಂದ ತಾಳವಾದ್ಯಗಳ ಧ್ವನಿಮುದ್ರಿಕೆಯಲ್ಲಿ ಗಾರ್ಸಿಯಾ ಕೂಡ ನುಡಿಸಿದ್ದಾರೆ.

ಬೆಂಗಳೂರಿನಲ್ಲಿ ಕುಳಿತ ನನಗೆ ಈ ಸಂಗೀತ ಸಿಕ್ಕಿದ್ದು ಆ ತಂಡದ ಉದಾರತೆಯಿಂದ. ಕೇಳಲು ಬಂದವರು ಕಛೇರಿಯನ್ನು ಧ್ವನಿಮುದ್ರಿಸಿಕೊಳ್ಳುವುದಕ್ಕೆ ಅವರು ತಡೆ ಹಾಕಲಿಲ್ಲ. 1984ರಿಂದ ಅಂಥವರಿಗಾಗಿ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೇ ಬಿಟ್ಟುಕೊಟ್ಟರು. ಆ ಟೇಪ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಇಂಟರ್ನೆಟ್ ಆರ್ಕೈವ್ ಸೇರಿದವು. ಒಬ್ಬ ವಾದಕ ಇಂಥ ದಿನ ಇಂಥ ಊರಿನಲ್ಲಿ ಇಂಥ ವಾದ್ಯದ ಮೇಲೆ ಏನು ನುಡಿಸಿದ ಎಂಬುದನ್ನು ಇಷ್ಟು ಕೂಲಂಕಷವಾಗಿ ಹಿಂಬಾಲಿಸಲು ಸಾಧ್ಯವಿರುವ ಉದಾಹರಣೆಗಳು ಪ್ರಪಂಚದ ಸಂಗೀತದಲ್ಲೇ ಕಡಿಮೆ. ವಾದ್ಯ ಬದಲಾದಾಗ ನಾದ ಹೇಗೆ ಬದಲಾಯಿತು ಎಂದು ನಾವೇ ಕಿವಿಯಿಂದ ಪರೀಕ್ಷಿಸಬಹುದು. ನಾನು ಟೈಗರ್ ಹಿಂದೆ ಬಿದ್ದದ್ದು ಹಾಗೆಯೇ. 1979ರ ಬೇಸಿಗೆಯ ನಂತರದ ಟೇಪ್‌ಗಳಲ್ಲಿ ಸ್ವರಗಳ ಮೈಕಟ್ಟು ಬೇರೆಯಾಗಿ ಕೇಳಿಸುತ್ತಿತ್ತು. ಹುಡುಕಿದರೆ ಸಿಕ್ಕಿದ್ದು ಇರ್ವಿನ್ ಅವರ ಹೆಸರು.

ಡಗ್ ಇರ್ವಿನ್ 1970ರ ದಶಕದ ಆರಂಭದಲ್ಲಿ ಅಲೆಂಬಿಕ್ ಎಂಬ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಅದು ಗ್ರೇಟ್‌ಫುಲ್ ಡೆಡ್ ತಂಡದ ಧ್ವನಿವ್ಯವಸ್ಥೆಯ ಅಗತ್ಯಗಳಿಂದಲೇ ಹುಟ್ಟಿಕೊಂಡ ಕಾರ್ಯಾಗಾರ. ಎಲೆಕ್ಟ್ರಾನಿಕ್ಸ್ ಬಲ್ಲವರು, ಮರ ಬಲ್ಲವರು, ಧ್ವನಿಮುದ್ರಣ ಬಲ್ಲವರು ಒಂದೇ ಸೂರಿನಡಿ ಸೇರಿದ್ದರು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಗಿಟಾರ್‌ಗಳಿಗೆ ಒಂದು ಮಿತಿಯಿದೆ, ಎಲೆಕ್ಟ್ರಿಕ್ ಗಿಟಾರನ್ನು ಬೇರೆಯದೇ ಶ್ರದ್ಧೆಯಿಂದ ಮಾಡಬಹುದು ಎಂಬ ನಂಬಿಕೆ ಅಲ್ಲಿತ್ತು. ಅಲ್ಲಿ ಇರ್ವಿನ್ ಮಾಡಿದ್ದ ಒಂದು ಗಿಟಾರ್ ಗಾರ್ಸಿಯಾ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ನುಡಿಸಿ ನೋಡಿದವರು ಅದನ್ನು ಕೊಂಡದ್ದಲ್ಲದೆ, ತಮಗಾಗಿಯೇ ಇನ್ನೊಂದನ್ನು ಮಾಡಿಕೊಡಿ ಎಂದೂ ಕೇಳಿದರು. ಹಾಗೆ 1973ರಲ್ಲಿ ಬಂದದ್ದು ವುಲ್ಫ್. ಪರ್ಪಲ್‌ಹಾರ್ಟ್ ಎಂಬ ನೇರಳೆ ಬಣ್ಣದ ಗಟ್ಟಿ ಮರ ಮತ್ತು ಮೇಪಲ್ ಸೇರಿಸಿ ಮಾಡಿದ ಆ ಗಿಟಾರಿಗೆ ಕೊಟ್ಟ ಬೆಲೆ 1,500 ಡಾಲರ್.

ವುಲ್ಫ್ ಎಂಬ ಹೆಸರಿನ ಹಿಂದಿರುವ ಸಂಗತಿ ನನಗೆ ತುಂಬ ಇಷ್ಟ. ಗಾರ್ಸಿಯಾ ಅದರ ಮೈಮೇಲೆ, ತಂತಿಗಳನ್ನು ಹೊತ್ತ ಬ್ರಿಡ್ಜ್‌ನ ಕೆಳಗೆ, ವ್ಯಂಗ್ಯಚಿತ್ರದ ತೋಳವೊಂದರ ಸ್ಟಿಕರ್ ಅಂಟಿಸಿದ್ದರು. ಕೆಲವು ವರ್ಷಗಳಾದ ಮೇಲೆ ಹೊಸ ಮೆರುಗು ಕೊಡಲೆಂದು ಗಿಟಾರ್ ಇರ್ವಿನ್ ಬಳಿಗೆ ಬಂತು. ಸ್ಟಿಕರ್ ತೆಗೆದುಹಾಕಲೇಬೇಕಿತ್ತು. ಇರ್ವಿನ್ ಅದನ್ನು ತೆಗೆದು, ಅದೇ ಜಾಗದಲ್ಲಿ ಅದೇ ತೋಳವನ್ನು ಇನ್ಲೇ ಮಾಡಿ, ಮರದೊಳಗೇ ಕೂರಿಸಿ ಹಿಂದಿರುಗಿಸಿದರು. ಕೇಳದೆಯೇ ಮಾಡಿದ ಕೆಲಸ ಅದು. ವಾದಕ ಸುಮ್ಮನೆ ಅಂಟಿಸಿದ ಒಂದು ಚೀಟಿಯಲ್ಲಿ ಪ್ರೀತಿ ಇದೆ ಎಂದು ಕಂಡುಕೊಂಡು ಅದನ್ನು ವಾದ್ಯದ ಅಂಗವಾಗಿಸಿದ ಆ ಸೂಕ್ಷ್ಮ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ವುಲ್ಫ್ ಕೈಗೆ ಬಂದ ಸಮಯದಲ್ಲೇ ಗಾರ್ಸಿಯಾ ಮುಂದಿನ ಗಿಟಾರಿಗೂ ಹೇಳಿಬಿಟ್ಟರು. ಈ ಸಲ ಯಾವುದರಲ್ಲೂ ಕೈ ಬಿಗಿ ಹಿಡಿಯಬೇಡಿ, ನಿಮಗೆ ಯಾವುದು ಅತ್ಯುತ್ತಮ ಎನಿಸುತ್ತದೆಯೋ ಹಾಗೆ ಮಾಡಿ ಎಂಬುದು ಅವರ ಮಾತಿನ ಧಾಟಿಯಾಗಿತ್ತು. ಇರ್ವಿನ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಗಿಟಾರ್ ಮುಗಿಯಲು ಆರು ವರ್ಷ ಹಿಡಿಯಿತು.

ಆ ಆರು ವರ್ಷಗಳಲ್ಲಿ ಗಾರ್ಸಿಯಾ ಏನೆಲ್ಲ ಮಾಡಿದರು ಎಂದು ನೋಡಿದರೆ ಕಾಯುವಿಕೆಯ ಉದ್ದ ತಿಳಿಯುತ್ತದೆ. 1974ರಲ್ಲಿ ಅವರ ತಂಡ ಧ್ವನಿವರ್ಧಕಗಳ ಬೃಹತ್ ಗೋಡೆಯೊಂದನ್ನೇ ಕಟ್ಟಿಕೊಂಡು ಊರಿಂದೂರಿಗೆ ಸಾಗಿಸಿತು. ಆ ಗೋಡೆಯ ಮುಂದೆ ನುಡಿದದ್ದು ವುಲ್ಫ್. ಆ ವರ್ಷದ ಕೊನೆಗೆ ತಂಡ ದಣಿದು ಪ್ರವಾಸ ನಿಲ್ಲಿಸಿತು. ಮತ್ತೆ ಒಟ್ಟುಗೂಡುವ ಹೊತ್ತಿಗೆ ಗಾರ್ಸಿಯಾ ಕೈಯಲ್ಲಿ ಟ್ರಾವಿಸ್ ಬೀನ್ ಕಂಪನಿಯ, ಅಲ್ಯೂಮಿನಿಯಂ ಕುತ್ತಿಗೆಯ ಗಿಟಾರ್‌ಗಳಿದ್ದವು. ಅಭಿಮಾನಿಗಳು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುವ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿಯಲ್ಲಿ ಕೇಳಿಸುವುದು ಆ ಲೋಹದ ಕುತ್ತಿಗೆಯ ಗಿಟಾರೇ. ಅದೇ ವರ್ಷದ ಕೊನೆಯ ಭಾಗದಲ್ಲಿ ಮತ್ತೆ ವುಲ್ಫ್ ಕೈಗೆ ಬಂತು. ಇಷ್ಟೆಲ್ಲ ನಡೆಯುತ್ತಿದ್ದಾಗ ಕ್ಯಾಲಿಫೋರ್ನಿಯಾದ ಒಂದು ಮರಗೆಲಸದ ಕೊಠಡಿಯಲ್ಲಿ ಟೈಗರ್ ಪದರ ಪದರವಾಗಿ ಬೆಳೆಯುತ್ತಿತ್ತು.

ಇಂಥ ಕಾಯುವಿಕೆ ಇಬ್ಬರಿಂದಲೂ ಬೇಡುವುದು ಬಹಳ. ಗಡುವಿಲ್ಲದ ಕೆಲಸದಲ್ಲಿ ಮಾಡುವವರಿಗೆ ನೆಪಗಳು ಬೇಕಾದಷ್ಟು ಸಿಗುತ್ತವೆ, ಮಾಡಿಸುವವರಿಗೆ ಮನಸ್ಸು ಬದಲಾಗಲು ದಾರಿಗಳೂ ಬೇಕಾದಷ್ಟಿರುತ್ತವೆ. ಆರು ವರ್ಷದಲ್ಲಿ ವಾದಕನ ಕೈ ಬದಲಾಗುತ್ತದೆ, ಅಭಿರುಚಿ ಬದಲಾಗುತ್ತದೆ, ಮಾರುಕಟ್ಟೆಗೆ ಹೊಸ ವಾದ್ಯಗಳು ಬರುತ್ತವೆ. ಆದರೂ ಗಾರ್ಸಿಯಾ ಇನ್ನೊಬ್ಬ ತಯಾರಕರ ಬಳಿಗೆ ಹೋಗಿ ಈ ಗಿಟಾರಿಗೆ ಬದಲಿ ಮಾಡಿಸಿಕೊಳ್ಳಲಿಲ್ಲ. ಇರ್ವಿನ್ ಕೂಡ ಅರ್ಧಮರ್ಧ ಮಾಡಿ ಕೈತೊಳೆದುಕೊಳ್ಳಲಿಲ್ಲ. ಉಯಿಲಿನ ಆ ಅಂಶಕ್ಕೆ ಬೀಜ ಬಿದ್ದದ್ದು ಈ ವರ್ಷಗಳಲ್ಲೇ ಎಂದು ನನಗೆ ತೋರುತ್ತದೆ.

ಈಗ ಮರದ ವಿಚಾರ. ಟೈಗರ್‌ನ ಮುಂದಿನ ಮತ್ತು ಹಿಂದಿನ ಹೊದಿಕೆ ಕೊಕೊಬೊಲೊ ಮರದ್ದು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯ ಕಡೆ ಬೆಳೆಯುವ ಮರವಿದು. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರದ ಸೋದರ ಕುಲ. ಸಸ್ಯಶಾಸ್ತ್ರಜ್ಞರು ಎರಡನ್ನೂ ಡಾಲ್ಬರ್ಜಿಯಾ ಎಂಬ ಒಂದೇ ಜಾತಿಯಲ್ಲಿ ಸೇರಿಸಿದ್ದಾರೆ. ಆಗತಾನೇ ಕೊಯ್ದ ಕೊಕೊಬೊಲೊ ಕಿತ್ತಳೆ, ಕೆಂಪು, ಕಪ್ಪು ಗೆರೆಗಳಿಂದ ಉಜ್ವಲವಾಗಿರುತ್ತದೆ. ಗಾಳಿ ಬೆಳಕು ತಾಗಿದಂತೆ ಬಣ್ಣ ಗಾಢವಾಗುತ್ತ ಹೋಗುತ್ತದೆ. ಹುಲಿಯ ಹೆಸರು ಹೊತ್ತ ಗಿಟಾರಿಗೆ ಇದಕ್ಕಿಂತ ಒಪ್ಪುವ ಮರವಿಲ್ಲ. ಆದರೆ ಕೆಲಸ ಮಾಡುವವರಿಗೆ ಇದು ಸುಲಭದ ಮರವಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ಅಂಟು ಸರಿಯಾಗಿ ಹಿಡಿಯುವುದು ಕಷ್ಟ. ಹೊಟ್ಟು ಮೈಗೆ ತಾಗಿದರೆ ಅನೇಕರಿಗೆ ತುರಿಕೆ, ದದ್ದು. ನೀರಿನಲ್ಲಿ ಮುಳುಗುವಷ್ಟು ಭಾರವಾದ ಹಲಗೆಗಳೂ ಸಿಗುತ್ತವೆ. ಇಂಥ ಮರವನ್ನು ಮೇಪಲ್ ಜೊತೆಗೆ, ವರ್ಮಿಲಿಯನ್ ಎಂದು ಕರೆಯುವ ಕೆಂಪು ಮರದ ತೆಳುಪದರಗಳ ಜೊತೆಗೆ ಅಂಟಿಸಿ, ಒತ್ತಿ, ಒಣಗಿಸಿ, ಕೊರೆದು ಮೈ ಮಾಡಬೇಕು. ಗಿಟಾರನ್ನು ಪಕ್ಕದಿಂದ ನೋಡಿದರೆ ಈ ಪದರಗಳು ಬಣ್ಣದ ಗೆರೆಗಳಾಗಿ ಕಾಣುತ್ತವೆ. ಬೆರಳಾಡುವ ಹಲಗೆ ಎಬೊನಿ ಮರದ್ದು. ಅದರ ಅಂಚಿಗೆ ಹಿತ್ತಾಳೆಯ ಪಟ್ಟಿ. ಬ್ರಿಡ್ಜ್ ಹಿತ್ತಾಳೆ, ತಂತಿಗಳ ಬುಡ ಹಿಡಿಯುವ ತುಂಡೂ ಹಿತ್ತಾಳೆ.

ಇದೆಲ್ಲ ಸೇರಿ ಟೈಗರ್ ತೂಕ ಹದಿಮೂರೂವರೆ ಪೌಂಡ್, ಅಂದರೆ ಆರು ಕಿಲೋಗೂ ಸ್ವಲ್ಪ ಮೇಲು. ನನ್ನ ಮನೆಯಲ್ಲಿರುವ ಸಾಧಾರಣ ಎಲೆಕ್ಟ್ರಿಕ್ ಗಿಟಾರ್ ಮೂರೂವರೆ ಕಿಲೋ ಇದೆ. ಅದನ್ನು ನಿಂತು ಒಂದು ಗಂಟೆ ನುಡಿಸಿದರೆ ಎಡಹೆಗಲು ದೂರು ಹೇಳುತ್ತದೆ. ಗಾರ್ಸಿಯಾ ಅದರ ಸುಮಾರು ಎರಡು ಪಟ್ಟು ತೂಕವನ್ನು ತೊಗಲ ಪಟ್ಟಿಯಲ್ಲಿ ನೇತುಹಾಕಿಕೊಂಡು ರಾತ್ರಿಗೆ ಮೂರು ಗಂಟೆ, ಹತ್ತು ವರ್ಷ ನುಡಿಸಿದರು. ಈ ಭಾರಕ್ಕೆ ಒಂದು ಅರ್ಥವಿತ್ತು. ಎಲೆಕ್ಟ್ರಿಕ್ ಗಿಟಾರಿನ ಘನವಾದ ಮೈ ವೀಣೆಯ ಕೊಡದ ಹಾಗೆ ನಾದವನ್ನು ದೊಡ್ಡದು ಮಾಡಬೇಕಾಗಿಲ್ಲ. ತಂತಿಯ ಕಂಪನವನ್ನು ಅದು ಎಷ್ಟು ಕಡಿಮೆ ಹೀರಿಕೊಳ್ಳುತ್ತದೆಯೋ ಅಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಭಾರವಾದ, ಬಿಗಿಯಾದ ಮರಕ್ಕೆ ಹಿತ್ತಾಳೆ ಸೇರಿಸಿದ ಇರ್ವಿನ್ ತಂತಿಗೆ ಅಲುಗದ ನೆಲೆ ಕೊಟ್ಟರು. ಟೈಗರ್‌ನಲ್ಲಿ ಒಂದು ಸ್ವರ ಹುಟ್ಟಿದಾಗ ಅದರ ಮೊದಲ ಮೊನೆ ಸ್ಪಷ್ಟವಾಗಿ ಚುಚ್ಚುತ್ತದೆ, ಆಮೇಲೆ ಗಂಟೆಯ ನಾದದಂತೆ ಮುಂದುವರಿಯುತ್ತದೆ. ಬ್ಯಾಂಜೊದಲ್ಲಿ ಕೈ ಪಳಗಿಸಿದ ಮನುಷ್ಯನಿಗೆ ಆ ಮೊನೆ ಬೇಕಿತ್ತು. ಬ್ಯಾಂಜೊ ಎಂದೂ ಕೊಡಲಾರದ ದೀರ್ಘತೆಯೂ ಬೇಕಿತ್ತು.

ಟೈಗರ್ ಹೆಸರು ಬಂದದ್ದು ಗಿಟಾರಿನ ಮೈಮೇಲೆ, ತಂತಿಗಳ ಬುಡದ ಹಿಂದೆ ಇರುವ ಒಂದು ಪುಟ್ಟ ಮುಚ್ಚಳದಿಂದ. ಆ ಮುಚ್ಚಳದಲ್ಲಿ ಇರ್ವಿನ್ ಮುತ್ತಿನ ಚಿಪ್ಪಿನಿಂದ ಹುಲಿಯೊಂದನ್ನು ಕೆತ್ತಿ ಕೂರಿಸಿದ್ದಾರೆ. ಫೋಟೊಗಳಲ್ಲಿ ಅದನ್ನು ನೋಡಿದವರು ಅಲಂಕಾರ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಹುಲಿಯ ಕೆಳಗಿರುವುದು ಗಿಟಾರಿನ ಪ್ರೀಆಂಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳ ಕ್ಷೀಣ ಸಂಕೇತವನ್ನು ಕೆಡದಂತೆ ಹೊರಗೆ ಕಳಿಸುವ ಪುಟ್ಟ ವಿದ್ಯುತ್ ಮಂಡಲ. ಅದನ್ನು ದುರಸ್ತಿಗೆ ತೆರೆಯಬೇಕಾಗುತ್ತದೆ, ಅದಕ್ಕಾಗಿ ಮುಚ್ಚಳ ಬೇಕು. ಬೇರೆ ತಯಾರಕರು ಇಂಥ ಮುಚ್ಚಳವನ್ನು ಗಿಟಾರಿನ ಬೆನ್ನಿಗೆ ಹಾಕಿ ಪ್ಲಾಸ್ಟಿಕ್ ಹಲ್ಲೆಯಿಂದ ಮುಚ್ಚುತ್ತಾರೆ. ಇರ್ವಿನ್ ಅದನ್ನು ಮುಂದೆ ತಂದು, ಇಡೀ ವಾದ್ಯದಲ್ಲಿ ಎಲ್ಲಕ್ಕಿಂತ ಸುಂದರವಾದ ಜಾಗವನ್ನಾಗಿ ಮಾಡಿದರು. ಮೈಸೂರಿನ ಇನ್ಲೇ ಕೆಲಸವನ್ನು ನೋಡಿ ಬೆಳೆದ ನಮಗೆ ಈ ಕೈಚಳಕದ ಬೆಲೆ ಗೊತ್ತು. ಬೀಟೆ ಹಲಗೆಯಲ್ಲಿ ಕೂದಲೆಳೆಯಷ್ಟೂ ಸಂದು ಬಿಡದೆ ಇನ್ನೊಂದು ವಸ್ತುವನ್ನು ಕೂರಿಸಲು ಎಷ್ಟು ತಾಳ್ಮೆ ಬೇಕು ಎಂದು ಆ ಕುಶಲಕರ್ಮಿಗಳನ್ನು ಕೇಳಬೇಕು.

ಹುಲಿಯ ಕೆಳಗಿನ ಆ ಮಂಡಲದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಟೈಗರ್ ಒಬ್ಬರಿಗಾಗಿಯೇ ಮಾಡಿದ ವಾದ್ಯ ಎಂಬುದು ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್‌ನಿಂದ ಹೊರಟ ಸಂಕೇತ ಮೊದಲು ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯನ್ನು ದಾಟುತ್ತದೆ, ಆಮೇಲೆ ವೈರ್ ಹಿಡಿದು, ನಾದದ ಬಣ್ಣ ಬದಲಿಸುವ ನೆಲದ ಮೇಲಿನ ಪೆಡಲ್‌ಗಳಿಗೆ ಹೋಗುತ್ತದೆ, ಅಲ್ಲಿಂದ ಆಂಪ್ಲಿಫೈಯರ್‌ಗೆ. ತೊಂದರೆ ಇರುವುದು ಈ ಕ್ರಮದಲ್ಲೇ. ವಾದಕ ಮೆಲ್ಲಗೆ ನುಡಿಸಬೇಕೆಂದು ವಾಲ್ಯೂಮ್ ಇಳಿಸಿದರೆ ಪೆಡಲ್‌ಗಳಿಗೆ ಹೋಗುವ ಸಂಕೇತವೂ ಬಡವಾಗುತ್ತದೆ. ಗಾರ್ಸಿಯಾ ತುಂಬ ಬಳಸುತ್ತಿದ್ದ ಮ್ಯೂ-ಟ್ರಾನ್ ಎಂಬ ಪೆಡಲ್ ಸಂಕೇತದ ಬಲವನ್ನೇ ನೋಡಿಕೊಂಡು ತೆರೆದುಕೊಳ್ಳುವಂಥದ್ದು. ತಂತಿಯನ್ನು ಜೋರಾಗಿ ಮೀಟಿದರೆ ಬಾಯಿ ಅಗಲಿಸಿದ ಹಾಗೆ ಸ್ವರ ಅರಳುತ್ತದೆ, ಬಲ ಸಾಲದಿದ್ದರೆ ಅರಳುವುದೇ ಇಲ್ಲ. ಅಂದರೆ ಮೆಲುದನಿಯಲ್ಲಿ ಆ ಬಣ್ಣವನ್ನು ತರುವುದು ಆಗದ ಮಾತು.

ಇದಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ಮೊದಲು ಟ್ರಾವಿಸ್ ಬೀನ್ ಗಿಟಾರಿನಲ್ಲಿ, ನಂತರ ವುಲ್ಫ್‌ನಲ್ಲಿ ಅಳವಡಿಸಿದ್ದರು. ಟೈಗರ್‌ನಲ್ಲಿ ಅದು ಹುಟ್ಟಿನಿಂದಲೇ ಬಂತು. ಪಿಕಪ್‌ನಿಂದ ಹೊರಟ ಸಂಕೇತ ಪೂರ್ಣ ಬಲದಲ್ಲಿ ಗಿಟಾರಿನಿಂದ ಹೊರಗೆ ಪೆಡಲ್‌ಗಳಿಗೆ ಹೋಗುತ್ತದೆ. ಪೆಡಲ್‌ಗಳನ್ನು ಸುತ್ತಿ ಅದೇ ಕೇಬಲ್‌ನಲ್ಲಿ ಮತ್ತೆ ಗಿಟಾರಿಗೇ ಹಿಂದಿರುಗುತ್ತದೆ. ಆಗ ಮಾತ್ರ ವಾಲ್ಯೂಮ್ ಗುಂಡಿಯನ್ನು ದಾಟಿ, ಇನ್ನೊಂದು ಕೇಬಲ್ ಹಿಡಿದು ಆಂಪ್ಲಿಫೈಯರ್‌ಗೆ ಹೋಗುತ್ತದೆ. ಹೀಗಾಗಿ ಪೆಡಲ್‌ಗಳಿಗೆ ಯಾವಾಗಲೂ ತಂತಿಯ ಪೂರ್ತಿ ಬಲ ಸಿಗುತ್ತದೆ, ಕೇಳುಗರಿಗೆ ಎಷ್ಟು ದನಿ ತಲುಪಬೇಕು ಎಂಬುದು ಕೊನೆಯಲ್ಲಿ ವಾದಕನ ಕಿರುಬೆರಳಿನ ಬಳಿಯೇ ತೀರ್ಮಾನವಾಗುತ್ತದೆ. ಬೇಡವೆನಿಸಿದರೆ ಒಂದು ಚಿಕ್ಕ ಸ್ವಿಚ್ ಒತ್ತಿ ಪೆಡಲ್‌ಗಳ ಸಾಲನ್ನೇ ಪಕ್ಕಕ್ಕಿಟ್ಟು ಶುದ್ಧ ನಾದಕ್ಕೆ ಬರಬಹುದು. ಪಿಸುಗುಟ್ಟುವಷ್ಟು ಮೆಲ್ಲನೆಯ ದನಿಯಲ್ಲೂ ಸ್ವರ ಪೂರ್ತಿ ಅರಳಿರುವ ಆ ಕ್ಷಣಗಳು ಎಂಬತ್ತರ ದಶಕದ ಟೇಪ್‌ಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವು ಈ ವೈರಿಂಗ್‌ನ ಫಲ. ಗುಂಪಿನಲ್ಲಿ ನುಡಿಸುವಾಗ ಬೇರೆಯವರಿಗೆ ಜಾಗ ಬಿಟ್ಟು, ಆದರೂ ತನ್ನ ಬಣ್ಣ ಕಳೆದುಕೊಳ್ಳದೆ ಇರಬೇಕೆಂಬ ಒಬ್ಬ ಸಂಗೀತಗಾರನ ಸ್ವಭಾವವನ್ನು ಅರ್ಥ ಮಾಡಿಕೊಂಡವರು ಮಾತ್ರ ಇದನ್ನು ಹೀಗೆ ಕಟ್ಟಲು ಸಾಧ್ಯ.

ಟೈಗರ್ ಮೊದಲು ವೇದಿಕೆಗೆ ಬಂದದ್ದು 1979ರ ಆಗಸ್ಟ್ 4ರಂದು, ಓಕ್‌ಲೆಂಡ್‌ನ ಆಡಿಟೋರಿಯಂನಲ್ಲಿ. ಬೆಲೆ ಸುಮಾರು 5,800 ಡಾಲರ್. ಆರು ವರ್ಷದ ಕೆಲಸಕ್ಕೆ ಅದು ಹೆಚ್ಚೇ ಕಡಿಮೆಯೇ ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಮುಂದಿನ ಹತ್ತು ವರ್ಷ ಅದೇ ಅವರ ಮುಖ್ಯ ವಾದ್ಯ. ಆ ಹತ್ತು ವರ್ಷಗಳು ಗಾರ್ಸಿಯಾ ಪಾಲಿಗೆ ಸುಖದವಲ್ಲ. ಮಾದಕ ವ್ಯಸನ ಅವರನ್ನು ತಿನ್ನುತ್ತಿತ್ತು. 1986ರ ಜುಲೈನಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಕೋಮಾಕ್ಕೆ ಜಾರಿದರು. ಬದುಕಿ ಬಂದಾಗ ಬೆರಳುಗಳಿಗೆ ಗಿಟಾರ್ ಮರೆತುಹೋದಂತಿತ್ತು. ಹಳೆಯ ಗೆಳೆಯ, ಕೀಬೋರ್ಡ್ ವಾದಕ ಮರ್ಲ್ ಸಾಂಡರ್ಸ್ ಪಕ್ಕದಲ್ಲಿ ಕುಳಿತು ಮೊದಲ ಪಾಠದಿಂದ ಮತ್ತೆ ಕಲಿಯಲು ನೆರವಾದರು. ಡಿಸೆಂಬರ್ 15ರಂದು ಗಾರ್ಸಿಯಾ ಓಕ್‌ಲೆಂಡ್ ವೇದಿಕೆಗೆ ಮರಳಿದರು. ಆ ರಾತ್ರಿಯ ಟೇಪ್‌ನಲ್ಲಿ ಜನ ಕೂಗುವ ಕೂಗನ್ನು ಕೇಳಿದಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಅದಾದ ಮೂರು ವರ್ಷಗಳ ನುಡಿಸಾಣಿಕೆಯಲ್ಲಿ ಮತ್ತೆ ಕಲಿತ ಮನುಷ್ಯನ ಎಚ್ಚರವಿದೆ. ನನಗೆ ಅವು ಟೈಗರ್‌ನ ಅತ್ಯುತ್ತಮ ವರ್ಷಗಳು. 1990ರ ಹೊತ್ತಿಗೆ ಇರ್ವಿನ್ ಮಾಡಿದ ಮತ್ತೊಂದು ಗಿಟಾರ್ ರೋಸ್‌ಬಡ್ ಬಂತು. ಅದರ ಮೈಯೊಳಗೆ ಟೊಳ್ಳು ಬಿಟ್ಟು ತೂಕ ಇಳಿಸಿದ್ದರು. ಟೈಗರ್ ನಿಧಾನವಾಗಿ ಹಿಂದಕ್ಕೆ ಸರಿಯಿತು.

ನಮ್ಮಲ್ಲಿ ವೀಣೆ ಶೇಷಣ್ಣನವರ ಹೆಸರು ಹೇಳಿದರೆ ಎಷ್ಟೋ ಜನರ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಮೈಸೂರು ಬಾನಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಹಲಸಿನ ಮರವನ್ನು ಆರಿಸಿ, ಕೊಡ ಕೊರೆದು, ಮೇಣದ ಮೇಲೆ ಒಂದೊಂದೇ ಮೆಟ್ಟಿಲನ್ನು ಶ್ರುತಿ ನೋಡಿ ಕೂರಿಸಿದವರ ಹೆಸರು ಆ ಮಾತುಗಳಲ್ಲಿ ಬರುವುದು ಬಹಳ ಅಪರೂಪ. ಮೆಟ್ಟಿಲು ಒಂದು ಎಳೆಯಷ್ಟು ಸರಿದರೆ ಗಮಕವೇ ಕೆಡುತ್ತದೆ ಎಂದು ವೈಣಿಕರಿಗೆಲ್ಲ ಗೊತ್ತು. ಹೀಗಿದ್ದೂ ಕಛೇರಿಯ ಆಮಂತ್ರಣದಲ್ಲಿ ಪಕ್ಕವಾದ್ಯದವರ ಹೆಸರಿರುತ್ತದೆ, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರ ಹೆಸರಿರುತ್ತದೆ, ವಾದ್ಯ ಮಾಡಿದವರ ಹೆಸರಿರುವುದಿಲ್ಲ. ಇದು ಸರಿಯಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಗಾರ್ಸಿಯಾ ಉಯಿಲಿನ ಆ ಅಂಶವನ್ನು ಮೊದಲ ಸಲ ಓದಿದಾಗ ನನ್ನ ಮನಸ್ಸು ನೇರವಾಗಿ ಇಲ್ಲಿಗೇ ಬಂದಿತ್ತು.

1995ರ ಜುಲೈ 9ರಂದು ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಗ್ರೇಟ್‌ಫುಲ್ ಡೆಡ್ ನುಡಿಸಿತು. ಅಂದು ರೋಸ್‌ಬಡ್ ತೊಂದರೆ ಕೊಟ್ಟಿತು. ಗಾರ್ಸಿಯಾ ಅದನ್ನು ಕೆಳಗಿಟ್ಟು ಹಳೆಯ ಟೈಗರ್ ಎತ್ತಿಕೊಂಡರು. ತಂಡದ ಕೊನೆಯ ಕಛೇರಿ ಅದಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ತಿಂಗಳಿಗೆ ಸರಿಯಾಗಿ, ಆಗಸ್ಟ್ 9ರಂದು, ವ್ಯಸನಮುಕ್ತಿ ಕೇಂದ್ರದಲ್ಲಿ ಅವರ ಹೃದಯ ನಿಂತಿತು. ಐವತ್ತಮೂರು ವರ್ಷ. ಮರುವರ್ಷ ಏಪ್ರಿಲ್ 4ರಂದು ಅವರ ಪತ್ನಿ ಮತ್ತು ತಂಡದ ಸಹವಾದಕ ಬಾಬ್ ವಿಯರ್ ಸೇರಿ ಗಾರ್ಸಿಯಾ ಚಿತಾಭಸ್ಮದ ಒಂದು ಭಾಗವನ್ನು ಹೃಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಉಳಿದದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಸೇರಿತು.

ಗಿಟಾರ್‌ಗಳ ವಿಚಾರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅವು ತಂಡದ ಕಂಪನಿಯ ವಶದಲ್ಲಿದ್ದವು. ಕಂಪನಿಯ ಹಣದಿಂದ ಕೊಂಡವು, ಆದ್ದರಿಂದ ಕಂಪನಿಯ ಆಸ್ತಿ, ಗಾರ್ಸಿಯಾ ತಮ್ಮದಲ್ಲದ್ದನ್ನು ಉಯಿಲಿನಲ್ಲಿ ಕೊಡಲು ಬರುವುದಿಲ್ಲ ಎಂಬುದು ಆ ಕಡೆಯ ವಾದ. ಈ ವಾದವನ್ನು ಬರಿಯ ದುರಾಸೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೂವತ್ತು ವರ್ಷ ಒಂದೇ ಬೊಕ್ಕಸದಲ್ಲಿ ಬದುಕಿದವರು ಅವರು. ಗಿಟಾರ್‌ಗಳನ್ನು ಸಂಗ್ರಹಾಲಯದಲ್ಲಿಡುವ ಆಸೆಯೂ ಇತ್ತು. ಆದರೆ ಸತ್ತವರ ಇಂಗಿತ ಇಷ್ಟು ಸ್ಪಷ್ಟವಾಗಿರುವಾಗ ಲೆಕ್ಕಪುಸ್ತಕವನ್ನು ಮುಂದೆ ತರಬಾರದಿತ್ತು. ಅತ್ತ ಇರ್ವಿನ್ ಅವರ ಬದುಕು ಕುಸಿದಿತ್ತು. ಸೈಕಲ್‌ನಲ್ಲಿ ಹೋಗುತ್ತಿದ್ದಾಗ ಕಾರು ಗುದ್ದಿ ತೀವ್ರವಾಗಿ ಗಾಯಗೊಂಡಿದ್ದರು. ಕೈಯಲ್ಲಿ ಹಣವಿರಲಿಲ್ಲ. 2001ರಲ್ಲಿ ರಾಜಿಯಾಯಿತು. ವುಲ್ಫ್ ಮತ್ತು ಟೈಗರ್ ಇರ್ವಿನ್ ಪಾಲಿಗೆ ಬಂದವು, ಉಳಿದವು ಕಂಪನಿಯಲ್ಲೇ ಉಳಿದವು.

ಇರ್ವಿನ್ ಎರಡನ್ನೂ ಮಾರಿದರು. 2002ರ ಮೇ 8ರಂದು ನ್ಯೂಯಾರ್ಕ್‌ನಲ್ಲಿ ಹರಾಜು ನಡೆಯಿತು. ವುಲ್ಫ್‌ಗೆ 7,89,500 ಡಾಲರ್, ಟೈಗರ್‌ಗೆ 9,57,500 ಡಾಲರ್ ಬಂತು. ಗಾರ್ಸಿಯಾ ಅಷ್ಟು ಪ್ರೀತಿಯಿಂದ ಹಿಂದಿರುಗಿಸಿದ್ದನ್ನು ಮಾರಬಾರದಿತ್ತು ಎಂದು ಹೇಳುವವರು ಇದ್ದಾರೆ. ಆ ಮಾತು ನನಗೆ ನೋವುಂಟುಮಾಡುತ್ತದೆ. ವಾದ್ಯ ಮಾಡುವವರು ಬದುಕುವುದೇ ವಾದ್ಯ ಮಾರಿ. ಮೈ ಮುರಿದು, ಉಪಕರಣ ಹಿಡಿಯುವ ಕೈಗೆ ಶಕ್ತಿ ಇಲ್ಲದಿದ್ದಾಗ ತಾವೇ ಮಾಡಿದ ವಾದ್ಯ ಅವರನ್ನು ಎತ್ತಿ ಹಿಡಿದರೆ ಅದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ? ಟೈಗರ್‌ಗೆ 5,800 ಡಾಲರ್ ಪಡೆದಾಗ ಇರ್ವಿನ್ ಅವರಿಗೆ ಸಿಕ್ಕಿದ್ದು ಅವರ ಸಮಯದ ಬೆಲೆಯೂ ಅಲ್ಲ. ಆಮೇಲೆ ಏರಿದ ಬೆಲೆಯಲ್ಲಿ ಅರ್ಧ ಗಾರ್ಸಿಯಾ ಬೆರಳಿನದ್ದು ನಿಜ, ಆದರೆ ಆ ಬೆರಳಿನ ಯಜಮಾನರೇ ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದರು. ಗಾರ್ಸಿಯಾ ಇದನ್ನು ಮುಂಗಂಡೇ ಬರೆಸಿದರೇನೋ ಎಂದು ಎಷ್ಟೋ ಸಲ ನನಗೆ ಅನ್ನಿಸಿದೆ. ಪಿಂಚಣಿಯಿಲ್ಲದ ಕಸುಬಿನವರಿಗೆ ಒಬ್ಬ ಗೆಳೆಯ ಕೊಡಬಹುದಾದ ಭದ್ರತೆ ಅದು.

ಟೈಗರ್ ಕೊಂಡವರು ಇಂಡಿಯಾನಾಪೊಲಿಸ್ ಫುಟ್‌ಬಾಲ್ ತಂಡದ ಆಗಿನ ಮಾಲೀಕ ಜಿಮ್ ಇರ್ಸೆ. ಶ್ರೀಮಂತರ ಸಂಗ್ರಹಕ್ಕೆ ಹೋದ ವಾದ್ಯ ಗಾಜಿನ ಪೆಟ್ಟಿಗೆಯಲ್ಲಿ ಮೂಕವಾಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಬಿರಡೆ ತಿರುಗಿಸದ, ತಂತಿ ಬಿಗಿಯದ ವಾದ್ಯದ ಮರವೂ ಕ್ರಮೇಣ ಮಂಕಾಗುತ್ತದೆ ಎಂದು ನುಡಿಸುವವರು ನಂಬುತ್ತಾರೆ; ನಾನೂ ನಂಬುತ್ತೇನೆ. ಇರ್ಸೆ ಅದನ್ನು ಸಂಪೂರ್ಣ ಬಂಧಿಸಿಡಲಿಲ್ಲ ಎಂಬುದು ಸಮಾಧಾನದ ಸಂಗತಿ. 2016ರಲ್ಲಿ ಗಿಟಾರ್ ವಾದಕ ವಾರೆನ್ ಹೇನ್ಸ್ ಗಾರ್ಸಿಯಾ ರಚನೆಗಳನ್ನು ವಾದ್ಯವೃಂದದೊಡನೆ ನುಡಿಸಿದಾಗ ಟೈಗರ್ ಅವರ ಹೆಗಲ ಮೇಲಿತ್ತು. ವುಲ್ಫ್‌ನದು ಇನ್ನೂ ಒಳ್ಳೆಯ ಕಥೆ. ಅದರ ಮಾಲೀಕ ಡೇನಿಯಲ್ ಪ್ರಿಟ್ಜ್‌ಕರ್ 2017ರಲ್ಲಿ ಅದನ್ನು ಮತ್ತೆ ಹರಾಜಿಗಿಟ್ಟು, ಬಂದ ಹಣವನ್ನು ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆಯೊಂದಕ್ಕೆ ಕೊಟ್ಟರು. ಸುಮಾರು 19 ಲಕ್ಷ ಡಾಲರ್ ಬಂದಿತ್ತು. 2019ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗಿಟಾರ್ ವಾದಕ ಜಾನ್ ಮೇಯರ್ ಅದನ್ನು ನುಡಿಸಿದರು.

ಓದುವುದಕ್ಕಿಂತ ಕೇಳುವುದು ಮೇಲು. ಆಸಕ್ತಿ ಇರುವವರು ಮೊದಲು 1974ರ ಅಕ್ಟೋಬರ್‌ನ ವಿಂಟರ್‌ಲ್ಯಾಂಡ್ ಕಛೇರಿಗಳಲ್ಲಿ ಒಂದನ್ನು ಕೇಳಿ; ಅದು ವುಲ್ಫ್. ಆಮೇಲೆ 1980ರ ಶರತ್ಕಾಲದ, ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ರಂಗಮಂದಿರದ ಯಾವುದಾದರೂ ರಾತ್ರಿಯ ಎಲೆಕ್ಟ್ರಿಕ್ ಭಾಗಕ್ಕೆ ಬನ್ನಿ; ಅದು ಟೈಗರ್. ಸಮಯವಿದ್ದರೆ 1989ರ ಬೇಸಿಗೆಗೂ ಹೋಗಿ. ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಜೋರಾದ ಜಾಗಗಳಿಗಿಂತ ಮೆಲ್ಲನೆಯ ಜಾಗಗಳಲ್ಲಿ, ಹಾಡು ನಿಂತು ಎಲ್ಲರೂ ದಾರಿ ಹುಡುಕುತ್ತಿರುವಾಗ, ಆ ಗಿಟಾರಿನ ದನಿಗೆ ಕಿವಿಗೊಡಿ. ಯಾರಿಗಾದರೂ ಅದರ ಬಗ್ಗೆ ಹೇಳುವಾಗ ಗಾರ್ಸಿಯಾ ಹೆಸರಿನ ಜೊತೆಗೆ ಡಗ್ ಇರ್ವಿನ್ ಹೆಸರನ್ನೂ ಹೇಳಿ.